24 ಅಡಿ ಪೂಲ್ ಪಕ್ಕ ಡೆಕ್ ಕಟ್ಟಬೇಕು: ಕಂಬ ಎಲ್ಲಿ ನೆಡಲಿ?

ಕ್ಯಾಂಟನ್ ಮನೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ಮಿಶಿಗನ್‌ನಲ್ಲಿ, ಡೆಟ್ರಾಯ್ಟ್‌ನ ಪಶ್ಚಿಮಕ್ಕೆ, ಕ್ಯಾಂಟನ್‌ನಲ್ಲಿ. ಹೋದ ಬೇಸಿಗೆಯಲ್ಲಿ ಹಿತ್ತಲಲ್ಲಿ ನೆಲದ ಮೇಲೆ ನಿಲ್ಲುವ ಪೂಲ್ ಹಾಕಿಸಿದೆವು. ದುಂಡಗಿನದು, 24 ಅಡಿ ಅಗಲ, ಗೋಡೆ 52 ಇಂಚು ಎತ್ತರ, ಸ್ಟೀಲ್. ಮಕ್ಕಳಿಗೆ ಹಬ್ಬ. ಆದರೆ ತಿಪಟೂರಿನಿಂದ ಬಂದಿದ್ದ ಅಮ್ಮನಿಗೆ ಆ ಏಣಿ ಹತ್ತಲು ಆಗಲೇ ಇಲ್ಲ. ಮಂಡಿನೋವು. ಮೂರು ತಿಂಗಳೂ ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಲ್ಲಿಂದ ಅವರಿಗೆ ಕಾಣುತ್ತಿದ್ದದ್ದು ಪೂಲ್‌ನ ಗೋಡೆ ಮಾತ್ರ. ಮೊಮ್ಮಕ್ಕಳ ಕೂಗು ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಈ ಜೂನ್‌ನಲ್ಲಿ ಮತ್ತೆ ಬರುತ್ತಾರೆ. ಅಷ್ಟರಲ್ಲಿ ಪೂಲ್ ಅಂಚಿನ ಮಟ್ಟಕ್ಕೆ ಒಂದು ಡೆಕ್, ಅಂದರೆ ಮರದ ಅಟ್ಟ, ಕಟ್ಟಬೇಕು.

ನನ್ನ ಪ್ಲಾನ್: ಪೂಲ್ ಉದ್ದಕ್ಕೆ 16 ಅಡಿ, ಹೊರಗೆ 10 ಅಡಿ. ಹೊರಗಡೆ ಒಂದು ಸಾಲು ಕಂಬ. ಒಳಗಡೆ ಪೂಲ್ ಗೋಡೆಯೇ ಇದೆಯಲ್ಲ, ಜಂತೆಗಳನ್ನು ಅದರ ಟಾಪ್ ರೇಲ್ (ಗೋಡೆಯ ಮೇಲಂಚಿನ ಪಟ್ಟಿ) ಮೇಲೆ ಕೂರಿಸಿದರೆ ಒಂದು ಸಾಲು ಕಂಬ ಉಳಿಯುತ್ತದೆ. ಪಕ್ಕದ ಮನೆಯವರು 1998ರಲ್ಲಿ ಕಟ್ಟಿದ ಡೆಕ್ ಕಳಚುತ್ತಿದ್ದಾರೆ, ಮರ ಸುಮ್ನೆ ಕೊಡುತ್ತೇನೆ ಅಂದಿದ್ದಾರೆ. ಮೊದಲ ಸಲ ಕಟ್ಟುತ್ತಿದ್ದೇನೆ. ತಪ್ಪಿದ್ದರೆ ಈಗಲೇ ಹೇಳಿ.

ಟೊಲೀಡೊ ಬಡಗಿ

ಟಾಪ್ ರೇಲ್ ಮೇಲೆ ಏನನ್ನೂ ಕೂರಿಸಬೇಡಿ. ಒಂದು ಹಲಗೆಯನ್ನೂ ಬೇಡ.

ಯಾಕೆ ಅಂತ ಹೇಳುತ್ತೇನೆ. ನಮ್ಮ ಕಡೆ ಕಣಜ ನೋಡಿದ್ದೀರಲ್ವಾ? ಬಿದಿರಿನ ಹೆಣಿಗೆ ತೆಳ್ಳಗಿದ್ದರೂ ಒಳಗಿನ ಕಾಳು ಹೊರಕ್ಕೆ ದೂಡುವುದನ್ನು ಸುತ್ತಲೂ ಹಿಡಿದು ನಿಲ್ಲಿಸುತ್ತದೆ. ನಿಮ್ಮ ಪೂಲ್ ಗೋಡೆಯ ಕೆಲಸವೂ ಅದೇ. ತೆಳು ತಗಡು, ನೀರಿನ ಒತ್ತಡಕ್ಕೆ ಸುತ್ತಲೂ ಬಿಗಿದುಕೊಂಡು ನಿಂತಿದೆ. ಮೇಲಿನಿಂದ ಭಾರ ಹೇರಿದರೆ ಮಡಚಿಕೊಳ್ಳುತ್ತದೆ. ಕಣಜದ ಬಾಯಿಯ ಮೇಲೆ ಅಟ್ಟ ಕಟ್ಟುವವರು ಯಾರೂ ಇಲ್ಲ.

ಒಳಗಿರುವ ನೀರಿನ ಲೆಕ್ಕವನ್ನೂ ನೋಡಿ. 24 ಅಡಿ ಅಗಲ, 4 ಅಡಿ ಆಳ ನೀರು ಅಂದರೆ ಸುಮಾರು 13,500 ಗ್ಯಾಲನ್. 51,000 ಲೀಟರ್. 51 ಟನ್. ಬೆಂಗಳೂರಿನ 6,000 ಲೀಟರ್ ಟ್ಯಾಂಕರ್ ಎಂಟೂವರೆ ಲೋಡ್. ಅದನ್ನು ಹಿಡಿದಿರುವ ಗೋಡೆಯನ್ನು ಅದರ ಪಾಡಿಗೆ ಬಿಟ್ಟುಬಿಡಿ. ಡೆಕ್ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಪೂಲ್‌ಗೂ ಅದಕ್ಕೂ ಒಂದು ಇಂಚು ಸಂದು ಇರಬೇಕು.

ಕೈಯಲ್ಲಿ ಬರೆದ ನಕ್ಷೆ ಇದ್ದರೆ ಹಾಕಿ.

ಮಿನ್ನೆಸೋಟ ಚಳಿ

ಬಡಗಿಯವರು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಮನೆಯಲ್ಲೇ ಆಗಿದೆ. ನಾವು ಕೊಂಡಾಗ ಪೂಲ್ ಮತ್ತು ಡೆಕ್ ಎರಡೂ ಇದ್ದವು. ಹಿಂದಿನವರು ಯಾರೋ ಕಟ್ಟಿದ್ದು. ಕಂಬಗಳ ಕೆಳಗೆ ಗುಂಡಿಯೇ ಇಲ್ಲ, ನೆಲದ ಮೇಲೆ ಕಾಂಕ್ರೀಟ್ ಬ್ಲಾಕ್ ಇಟ್ಟು ಅದರ ಮೇಲೆ ಕಂಬ. ಡೆಕ್ ಅಂಚನ್ನು ಟಾಪ್ ರೇಲ್‌ಗೆ ಸ್ಕ್ರೂ ಹಾಕಿ ಬಿಗಿದಿದ್ದರು.

ಮೊದಲ ಚಳಿಗಾಲ ಕಳೆದು ಮಾರ್ಚ್‌ನಲ್ಲಿ ಹಿಮ ಕರಗಿದಾಗ ನೋಡಿದೆ. ನೆಲ ಹೆಪ್ಪುಗಟ್ಟಿ ಉಬ್ಬಿ ಎರಡು ಕಂಬಗಳನ್ನು ಒಂದೂವರೆ ಇಂಚು ಮೇಲೆತ್ತಿತ್ತು. ಡೆಕ್ ಜೊತೆ ಟಾಪ್ ರೇಲ್ ಕೂಡ ಎದ್ದಿತ್ತು. ರೇಲ್ ಜೊತೆ ಗೋಡೆಯ ಮೇಲಂಚು ತಿರುಚಿಕೊಂಡು, ಲೈನರ್ (ಪೂಲ್ ಒಳಗೆ ಹಾಸಿರುವ ಪ್ಲಾಸ್ಟಿಕ್ ಹಾಳೆ) ಒಂದು ಮೊಳದಷ್ಟು ಕಳಚಿ ಒಳಕ್ಕೆ ಜೋತುಬಿದ್ದಿತ್ತು. ಗೋಡೆಯನ್ನು ಮತ್ತೆ ನೇರ ಮಾಡಲು ಆಗಲಿಲ್ಲ. ಪೂಲ್ ಪೂರ್ತಿ ಹೋಯಿತು. ಡೆಕ್ ಮಾತ್ರ ಏನೂ ಆಗದವರ ಹಾಗೆ ನಿಂತಿತ್ತು.

ಮಿಶಿಗನ್‌ನಲ್ಲಿ 42 ಇಂಚು ಆಳ ತೋಡಲೇಬೇಕು. ನಮ್ಮ ರಾಜ್ಯದ ಉತ್ತರ ಭಾಗದಲ್ಲಿ 60.

ಕ್ಯಾಂಟನ್ ಮನೆ

ಓದಿ ಎದೆ ಧಸಕ್ ಅಂದಿತು. ಸರಿ, ಟಾಪ್ ರೇಲ್ ಮುಟ್ಟುವುದಿಲ್ಲ. ಆದರೆ 42 ಇಂಚು ಅಂದರೆ ಮೂರೂವರೆ ಅಡಿ. ಎರಡು ಅಡಿ ತೋಡಿ ಕಾಂಕ್ರೀಟ್ ಜಾಸ್ತಿ ಹಾಕಿದರೆ ನಡೆಯುವುದಿಲ್ಲವಾ?

ಮಿನ್ನೆಸೋಟ ಚಳಿ

ಇಲ್ಲ. ಭಾರ ಜಾಸ್ತಿ ಮಾಡಿದರೆ ಹಿಮ ಸೋಲುವುದಿಲ್ಲ. ಮಣ್ಣಿನ ನೀರು ಹೆಪ್ಪುಗಟ್ಟಿದಾಗ ಹಿಗ್ಗುತ್ತದೆ, ಕೆಳಗಿನಿಂದ ಇನ್ನಷ್ಟು ನೀರನ್ನು ಎಳೆದುಕೊಂಡು ಪದರ ಪದರವಾಗಿ ದಪ್ಪಗಾಗುತ್ತದೆ. ಮನೆಯನ್ನೇ ಎತ್ತುತ್ತದೆ. ಫುಟಿಂಗ್‌ನ, ಅಂದರೆ ಕಂಬದ ಕೆಳಗಿನ ಕಾಂಕ್ರೀಟ್ ಪಾಯದ, ಬುಡ ಹೆಪ್ಪುಗಟ್ಟುವ ಮಟ್ಟಕ್ಕಿಂತ ಕೆಳಗಿದ್ದರೆ ಮಾತ್ರ ಅದರ ಕೆಳಗಿನ ಮಣ್ಣು ಅಲುಗುವುದಿಲ್ಲ. ಅದಕ್ಕೇ 42.

ಕೊಲಂಬಸ್ ಲ್ಯಾಬ್

ಪಕ್ಕದ ಮನೆಯ ಮರದ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. 1998ರ ಡೆಕ್ ಅಂದಿರಿ. ಆಗ ಅಮೆರಿಕದಲ್ಲಿ ಡೆಕ್ ಮರಕ್ಕೆ ಹೆಚ್ಚಾಗಿ ಹಾಕುತ್ತಿದ್ದದ್ದು ಸಿ.ಸಿ.ಎ. ಕ್ರೋಮಿಯಂ, ತಾಮ್ರ, ಆರ್ಸೆನಿಕ್ ಸೇರಿದ ದ್ರಾವಣ. ಹುಳ, ಗೆದ್ದಲು, ಕೊಳೆತ ಯಾವುದೂ ಬರುವುದಿಲ್ಲ, ನಿಜ. ಆದರೆ ಆರ್ಸೆನಿಕ್ ಮೇಲ್ಮೈಗೆ ಬರುತ್ತದೆ, ಮಣ್ಣಿಗೂ ಇಳಿಯುತ್ತದೆ. 2003ರ ಕೊನೆಗೆ ಮನೆ ಬಳಕೆಗೆ ಅದನ್ನು ನಿಲ್ಲಿಸಿದರು.

ಒದ್ದೆ ಮೈಯಲ್ಲಿ ಮಕ್ಕಳು ಆ ಹಲಗೆ ಮೇಲೆ ಕೂರುತ್ತಾರೆ, ಅದೇ ಕೈಯಲ್ಲಿ ಚಿಪ್ಸ್ ತಿನ್ನುತ್ತಾರೆ. ನಯವಾಗಿ ಬೇಡ ಅನ್ನಿ. ಕತ್ತರಿಸಿದರೆ ಪುಡಿ ಮೂಗಿಗೆ ಹೋಗುತ್ತದೆ, ಅದೂ ಬೇಡ. ಆ ಮರವನ್ನು ಚಳಿಗೆ ಬೆಂಕಿ ಮಾಡಿಕೊಳ್ಳುವುದಂತೂ ಬೇಡವೇ ಬೇಡ ಅಂತ ಪಕ್ಕದವರಿಗೂ ಹೇಳಿ.

ಈಗಿನ ಮರಕ್ಕೆ ತಾಮ್ರ ಹೆಚ್ಚಿರುವ ದ್ರಾವಣ ಹಾಕುತ್ತಾರೆ. ಆರ್ಸೆನಿಕ್ ಇಲ್ಲ. ಆದರೆ ತಾಮ್ರ ಸಾದಾ ಮೊಳೆಯನ್ನು ತಿಂದುಹಾಕುತ್ತದೆ. ಹಾಟ್ ಡಿಪ್ ಗ್ಯಾಲ್ವನೈಸ್ ಆದ (ಕರಗಿದ ಸತುವಿನಲ್ಲಿ ಅದ್ದಿದ) ಸ್ಕ್ರೂ, ಬೋಲ್ಟ್, ಜಂತೆ ಹ್ಯಾಂಗರ್ ತೆಗೆದುಕೊಳ್ಳಿ. ನಿಮ್ಮದು ಉಪ್ಪುನೀರಿನ ಪೂಲ್ ಆಗಿದ್ದರೆ ಸ್ಟೇನ್‌ಲೆಸ್.

ಕ್ಯಾಂಟನ್ ಮನೆ

ತುಂಬಾ ಥ್ಯಾಂಕ್ಸ್. ಇದು ನನಗೆ ಗೊತ್ತೇ ಇರಲಿಲ್ಲ. ಉಪ್ಪುನೀರಲ್ಲ, ಕ್ಲೋರಿನ್. ನಕ್ಷೆ ಹಾಕಿದ್ದೇನೆ. ಈಗ ಎರಡು ಸಾಲು ಕಂಬ, ಪೂಲ್ ಕಡೆ ಒಂದೇ ಸೀದಾ ತೊಲೆ.

ಟೊಲೀಡೊ ಬಡಗಿ

ನಕ್ಷೆ ನೋಡಿದೆ. ಒಂದು ತೊಡಕಿದೆ, ಸ್ವಲ್ಪ ತಾಳ್ಮೆಯಿಂದ ಓದಿ.

ಪೂಲ್ ದುಂಡಗಿದೆ, ತೊಲೆ ಸೀದಾ ಇದೆ. ನೀವು ಪೂಲ್ ಉದ್ದಕ್ಕೆ 16 ಅಡಿ ತೆಗೆದುಕೊಂಡಿದ್ದೀರಿ. 24 ಅಡಿ ವೃತ್ತದಲ್ಲಿ 16 ಅಡಿ ಅಗಲಕ್ಕೆ ಬಾಗು ಎಷ್ಟು ಬರುತ್ತದೆ ಗೊತ್ತಾ? 3 ಅಡಿ ಮತ್ತು ಸ್ವಲ್ಪ. ಅಂದರೆ ನಡುವಿನ ಜಂತೆ ಪೂಲ್ ಮುಟ್ಟುವ ಹೊತ್ತಿಗೆ ಎರಡು ತುದಿಯ ಜಂತೆಗಳು ಇನ್ನೂ 3 ಅಡಿ ಮುಂದೆ ಚಾಚಬೇಕು. 10 ಅಡಿಯ ಡೆಕ್‌ಗೆ ಅಷ್ಟು ಚಾಚು ತಡೆಯುವುದಿಲ್ಲ. ಜಂತೆ ತೊಲೆಯಿಂದ ಹೊರಗೆ ಚಾಚುವುದು, ಎರಡು ತೊಲೆಗಳ ನಡುವಿನ ದೂರದ ಕಾಲು ಭಾಗಕ್ಕಿಂತ ಜಾಸ್ತಿ ಆಗಬಾರದು.

ಹಾಗಾದರೆ ಏನು ಮಾಡುವುದು? ಡೆಕ್ಕನ್ನೇ ತಿರುಗಿಸಿ. ಪೂಲ್ ಕಡೆ 10 ಅಡಿ, ಹೊರಗೆ 16 ಅಡಿ. ಅಷ್ಟೇ ಚದರಡಿ, ಅಷ್ಟೇ ಮರ. ಆದರೆ 10 ಅಡಿ ಅಗಲಕ್ಕೆ ಬಾಗು ಬರೀ 13 ಇಂಚು! ನಾನು ಇದನ್ನು ಗ್ಯಾರೇಜ್ ನೆಲದ ಮೇಲೆ ಹಗ್ಗ ಮತ್ತು ಸುಣ್ಣದ ಬಳಪ ಹಿಡಿದು ಗೀಚಿ ನೋಡಿದೆ. ನೀವೂ ಗೀಚಿ ನೋಡಿ, ಕಣ್ಣಿಗೆ ಬಿದ್ದರೆ ನಂಬಿಕೆ ಬರುತ್ತದೆ. 12 ಅಡಿ ಹಗ್ಗದ ಒಂದು ತುದಿ ಮೊಳೆಗೆ ಕಟ್ಟಿ, ಇನ್ನೊಂದು ತುದಿಗೆ ಬಳಪ.

ಈಗ ಕಂಬ. ಪೂಲ್ ಪಕ್ಕವೇ ಮೂರೂವರೆ ಅಡಿ ಗುಂಡಿ ತೋಡಿದರೆ 51 ಟನ್ ನೀರು ಕೂತಿರುವ ಮಣ್ಣು ಸಡಿಲವಾಗುತ್ತದೆ. ಅದಕ್ಕೆ ಕಂಬ ದೂರ ಇರಬೇಕು, ಜಂತೆ ಚಾಚಬೇಕು. 2×10 ಇಂಚಿನ ಜಂತೆ, 16 ಇಂಚಿಗೊಂದು. ಎರಡು ತೊಲೆಗಳ ನಡುವೆ 12 ಅಡಿ. ಅದರ ಕಾಲು ಭಾಗ 3 ಅಡಿ. ಪೂಲ್ ಕಡೆಗೆ ತುದಿಯ ಜಂತೆಗಳು 36 ಇಂಚು ಚಾಚುತ್ತವೆ, ನಡುವಿನದು 23 ಇಂಚು. ಹಿಂದೆ 1 ಅಡಿ. 12, 3, 1. ಸೇರಿದರೆ ನಿಮ್ಮ 16 ಅಡಿ.

ಪ್ರತಿ ತೊಲೆ 10 ಅಡಿ ಉದ್ದ, ಮೂರು 2×10 ಜೋಡಿಸಿದ್ದು. ಅದರ ಕೆಳಗೆ 8 ಅಡಿ ಅಂತರದಲ್ಲಿ ಎರಡು ಕಂಬ. 4×4 ಬೇಡ, ಈ ಎತ್ತರಕ್ಕೆ ಅಲುಗಾಡುತ್ತದೆ. 6×6 ಹಾಕಿ. ಪೂಲ್ ಕಡೆಯ ಕಂಬದ ನಡುವಿನಿಂದ ಗೋಡೆಗೆ ಸುಮಾರು 31 ಇಂಚು ಸಿಗುತ್ತದೆ. ಒಟ್ಟು ನಾಲ್ಕೇ ಕಂಬ. ನೀವು ಒಂದು ಸಾಲು ಉಳಿಸಲು ಹೊರಟಿದ್ದಿರಿ, ಹೀಗೂ ಉಳಿಯಿತು.

ಫುಟಿಂಗ್ ಅಗಲ: ಡೆಕ್ ಮೇಲೆ ಚದರಡಿಗೆ 50 ಪೌಂಡ್ ಲೆಕ್ಕ ಹಿಡಿಯುತ್ತಾರೆ, ಜನ 40, ಮರ 10. ಪೂಲ್ ಕಡೆಯ ಪ್ರತಿ ಕಂಬಕ್ಕೆ ಸುಮಾರು 2,200 ಪೌಂಡ್ ಬರುತ್ತದೆ. ನಿಮ್ಮಲ್ಲಿ ಜೇಡಿ ಮಣ್ಣು, ಚದರಡಿಗೆ 1,500 ಪೌಂಡ್ ಅಂತ ಇಟ್ಟುಕೊಳ್ಳಿ. 12 ಇಂಚಿನ ಗುಂಡಿ 1,200 ಪೌಂಡ್ ಕೂಡ ಹೊರುವುದಿಲ್ಲ. ಬುಡ 18 ಇಂಚು ಅಗಲ ಬೇಕು. ಮೇಲೆ 12 ಇಂಚಿನ ಕೊಳವೆ ಸಾಕು. 80 ಪೌಂಡ್ ಮೂಟೆ ಗುಂಡಿಗೆ ಆರು, ಒಟ್ಟು 24.

ಇದನ್ನೆಲ್ಲ ಟೌನ್‌ಶಿಪ್‌ನವರು (ನಿಮ್ಮ ಊರಿನ ಆಡಳಿತ) ಕೊಡುವ ಟೇಬಲ್ ಜೊತೆ ತಾಳೆ ನೋಡಿ. ಪರ್ಮಿಟ್ ಇಲ್ಲದೆ ಗುದ್ದಲಿ ಹಾಕಬೇಡಿ. ತೋಡುವ ಮೂರು ಕೆಲಸದ ದಿನ ಮೊದಲು 811ಕ್ಕೆ, ನೆಲದಡಿಯ ಲೈನ್ ಗುರುತಿಸುವವರಿಗೆ, ಫೋನ್ ಮಾಡಿ. ಬಂದು ನೆಲದ ಮೇಲೆ ಬಣ್ಣ ಹಾಕಿ ಹೋಗುತ್ತಾರೆ, ಕರೆಂಟ್‌ಗೆ ಕೆಂಪು, ಗ್ಯಾಸ್‌ಗೆ ಹಳದಿ. ದುಡ್ಡಿಲ್ಲ.

ಡಲ್ಲಾಸ್ ಬಿಸಿಲು

ಹಲಗೆ ಯಾವುದು ಹಾಕುತ್ತೀರಿ? ಕಾಂಪೊಸಿಟ್ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ್ದು) ಹಾಕುವುದಾದರೆ ತಿಳಿ ಬಣ್ಣ ತೆಗೆದುಕೊಳ್ಳಿ. ನಾವು ಕಾಫಿ ಬಣ್ಣದ್ದು ಹಾಕಿಸಿ ಮಧ್ಯಾಹ್ನ ಬರಿಗಾಲಲ್ಲಿ ನಿಲ್ಲಲು ಆಗದೆ ಚಾಪೆ ಹಾಸಿದೆವು. ಒದ್ದೆ ಚಾಪೆ ಜಾರುತ್ತದೆ, ಅದು ಇನ್ನೊಂದು ಅಪಾಯ.

ಟೊಲೀಡೊ ಬಡಗಿ

ಮಿಶಿಗನ್ ಬಿಸಿಲಿಗೆ ಸಾದಾ ಪೈನ್ ಹಲಗೆ ಸಾಕು. ಒದ್ದೆಯಾಗಿ ಬರುವ ಹೊಸ ಹಲಗೆಗಳನ್ನು ಒಂದಕ್ಕೊಂದು ಒತ್ತಿ ಹಾಕಿ, ಒಣಗಿದ ಮೇಲೆ ಸಂದು ತಾನೇ ಬಿಡುತ್ತದೆ.

ಜಯನಗರ ಟೆರೇಸ್

ನಾನು ಬೆಂಗಳೂರಿನಿಂದ. ಓದುತ್ತಾ ಒಂದು ಆಸೆ ಬಂತು. ನಮ್ಮ ಮನೆ ಟೆರೇಸ್ ಮೇಲೆ ಇಂಥದ್ದೇ ಸಣ್ಣ ಪೂಲ್, 12 ಅಡಿಯದ್ದು, 4 ಅಡಿ ನೀರು ಇಟ್ಟು ಸುತ್ತ ಮರದ ಡೆಕ್ ಮಾಡಬಹುದಾ? ಟೆರೇಸ್ ಗಟ್ಟಿಯಾಗಿದೆ, ಐದು ವರ್ಷ ಹಳೆಯದು ಅಷ್ಟೇ.

ಮೈಸೂರು ಸ್ಟ್ರಕ್ಚರ್

ದಯವಿಟ್ಟು ಬೇಡ. ನಾನು ಮನೆಗಳ ಲೋಡ್ ಲೆಕ್ಕ ಮಾಡುವವಳು. ಜನ ಓಡಾಡುವ ಟೆರೇಸ್‌ಗೆ ನಾವು ಹಿಡಿಯುವುದು ಭಾರತದ ಮಾನಕ ಐ.ಎಸ್. 875 ಪ್ರಕಾರ ಚದರ ಮೀಟರ್‌ಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕೆ.ಜಿ. ನಾಲ್ಕು ಅಡಿ ನೀರು ಅಂದರೆ ಚದರ ಮೀಟರ್‌ಗೆ 1,220 ಕೆ.ಜಿ. ಎಂಟು ಪಟ್ಟು! ಪೂಲ್ ಸಣ್ಣದಾದರೂ ಆಳ ಅಷ್ಟೇ ಇದ್ದರೆ ಚದರ ಮೀಟರ್ ಲೆಕ್ಕ ಕಡಿಮೆಯಾಗುವುದಿಲ್ಲ. ಮನೆ ಹೊಸದಾದರೂ ಅದನ್ನು ಈ ಭಾರಕ್ಕೆ ಅಂತ ಕಟ್ಟಿಲ್ಲ.

ಮಕ್ಕಳಿಗೆ ಅಂತಾದರೆ ಅರ್ಧ ಅಡಿ ನೀರಿನ ಗಾಳಿ ತುಂಬುವ ತೊಟ್ಟಿ ಇಡಿ. ಅದೂ ನಿಮ್ಮ ಎಂಜಿನಿಯರ್ ನೋಡಿದ ಮೇಲೆ, ತೊಲೆ ಎಲ್ಲಿದೆಯೋ ಅಲ್ಲಿ.

ಜಯನಗರ ಟೆರೇಸ್

ಎಂಟು ಪಟ್ಟು ಅಂದ ಮೇಲೆ ಮಾತೇ ಇಲ್ಲ. ಬಿಟ್ಟೆ. ಕೇಳಿದ್ದು ಒಳ್ಳೆಯದಾಯಿತು.

ತಂತಿ ಕೆಲಸ

ಇಲಿನಾಯ್ಸ್‌ನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದೇನೆ. ಎಲ್ಲರೂ ಮರದ ಬಗ್ಗೆ ಹೇಳಿದಿರಿ, ತಂತಿಯ ಬಗ್ಗೆ ನಾನು ಹೇಳುತ್ತೇನೆ.

ಪೂಲ್ ಹಾಕಿದಾಗ ಸುತ್ತ ಒಂದು ಬರಿ ತಾಮ್ರದ ತಂತಿ ಹೂತಿರುತ್ತಾರೆ, 8 ಗೇಜ್, ಗಟ್ಟಿ ತಂತಿ. ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್‌ನ 680ನೇ ವಿಧಿ ಇದನ್ನು ಕೇಳುತ್ತದೆ. ಪೂಲ್‌ನ ಒಳಗೋಡೆಯಿಂದ 18ರಿಂದ 24 ಇಂಚು ದೂರದಲ್ಲಿ, ನಾಲ್ಕರಿಂದ ಆರು ಇಂಚು ಕೆಳಗೆ ಇರುತ್ತದೆ. ಸ್ಟೀಲ್ ಗೋಡೆಗೆ ನಾಲ್ಕು ಕಡೆ ಕಟ್ಟಿರುತ್ತಾರೆ. ನಿಮ್ಮ ಗುಂಡಿ ಅದರ ಪಕ್ಕಕ್ಕೇ ಬರುತ್ತದೆ. ಅಲ್ಲಿ ಮಶಿನ್ ಹಾಕಬೇಡಿ, ಮೊದಲ ಅರ್ಧ ಅಡಿ ಕೈಯಲ್ಲೇ ಕೆರೆಯಿರಿ. ತಂತಿ ತುಂಡಾದರೆ ಮುಚ್ಚಿಹಾಕಬೇಡಿ, ಎಲೆಕ್ಟ್ರಿಷಿಯನ್ ಕರೆಸಿ ಜೋಡಿಸಿ. ಅದು 811ರವರ ಬಣ್ಣದಲ್ಲಿ ಬರುವುದಿಲ್ಲ, ಅವರು ಹುಡುಕುವುದು ಕಂಪನಿಗಳ ಲೈನ್ ಮಾತ್ರ.

ರೇಲಿಂಗ್ ಮರದ್ದೇ ಮಾಡಿ. ಪೂಲ್‌ನಿಂದ 5 ಅಡಿ ಒಳಗೆ ಅಲ್ಯೂಮಿನಿಯಂ ರೇಲಿಂಗ್ ಬಂದರೆ ಅದನ್ನೂ ಈ ತಂತಿಗೆ ಜೋಡಿಸಬೇಕಾಗುತ್ತದೆ. ಡೆಕ್ ಮೇಲೆ ಲೈಟ್, ಪ್ಲಗ್ ಬೇಕಾದರೆ ಪೂಲ್‌ನಿಂದ ಕನಿಷ್ಠ 6 ಅಡಿ ದೂರ, ಜಿ.ಎಫ್.ಸಿ.ಐ. (ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸಾಧನ) ಇರಲೇಬೇಕು.

ಕ್ಯಾಂಟನ್ ಮನೆ

ಒಂದು ಪ್ರಶ್ನೆ. ಇದು ನಮ್ಮ ಊರಲ್ಲಿ ಅರ್ಥಿಂಗ್ ಅಂತಾರಲ್ಲ, ಅದೇನಾ?

ತಂತಿ ಕೆಲಸ

ಅಲ್ಲ. ಅರ್ಥಿಂಗ್‌ನ ಕೆಲಸ ಕರೆಂಟ್ ಸೋರಿದಾಗ ಅದಕ್ಕೆ ದಾರಿ ಕೊಡುವುದು, ಫ್ಯೂಸ್ ಹಾರಿಸುವುದು. ಇದರ ಕೆಲಸ ಬೇರೆ. ನೀರು, ಗೋಡೆ, ಪಂಪ್, ನೀವು ನಿಂತ ನೆಲ, ಎಲ್ಲವನ್ನೂ ಒಂದೇ ವೋಲ್ಟೇಜ್‌ನಲ್ಲಿ ಇಡುವುದು. ಹಕ್ಕಿ ಕರೆಂಟ್ ತಂತಿ ಮೇಲೆ ಕೂತರೂ ಏನೂ ಆಗುವುದಿಲ್ಲ ಅಲ್ವಾ, ಎರಡೂ ಕಾಲು ಒಂದೇ ವೋಲ್ಟೇಜ್‌ನಲ್ಲಿವೆ. ಒದ್ದೆ ಕಾಲು ನೆಲದ ಮೇಲೆ, ಕೈ ನೀರಲ್ಲಿ ಇರುವಾಗ ಎರಡರ ನಡುವೆ ಸಣ್ಣ ವ್ಯತ್ಯಾಸ ಇದ್ದರೂ ಜುಮ್ ಅನ್ನುತ್ತದೆ. ಮಕ್ಕಳಿಗೆ ಮೊದಲು ಗೊತ್ತಾಗುತ್ತದೆ. "ನೀರು ಚುಚ್ಚುತ್ತಿದೆ" ಅಂತ ಮಗು ಹೇಳಿದರೆ ಆಟ ಅಂದುಕೊಳ್ಳಬೇಡಿ, ಎಲ್ಲರನ್ನೂ ಹೊರಗೆ ಕರೆದು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ.

ಎಡಿಸನ್ ಅಮ್ಮ

ಮೂರು ದಿನದಿಂದ ಓದುತ್ತಿದ್ದೇನೆ. ಕಂಬ ಬಂತು, ತೊಲೆ ಬಂತು, ತಂತಿ ಬಂತು. ಗೇಟ್ ಬಗ್ಗೆ ಒಬ್ಬರೂ ಬರೆಯಲಿಲ್ಲ. ಅದಕ್ಕೆ ಬರೆಯಲೇಬೇಕು ಅನ್ನಿಸಿತು.

ಡೆಕ್ ಇಲ್ಲದಿದ್ದಾಗ ನಿಮ್ಮ ಪೂಲ್‌ಗೆ 52 ಇಂಚಿನ ಗೋಡೆಯೇ ಬೇಲಿ. ಏಣಿ ಎತ್ತಿಟ್ಟರೆ ಸಣ್ಣ ಮಗು ಹತ್ತಲಾಗದು. ಡೆಕ್ ಕಟ್ಟಿದ ದಿನ ಆ ಬೇಲಿ ಹೋಯಿತು ಅಂತ ತಿಳಿಯಿರಿ. ನೀರಿನವರೆಗೆ ಸಲೀಸಾದ ಮೆಟ್ಟಿಲು ಕಟ್ಟಿಕೊಟ್ಟಿದ್ದೀರಿ.

ನಮ್ಮ ಮನೆಯಲ್ಲಿ ಆದದ್ದು ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ, ಜುಲೈ, ಮಗನ ಹುಟ್ಟುಹಬ್ಬ. ಧಾರವಾಡದಿಂದ ಅತ್ತೆ ಬಂದಿದ್ದರು. ಎಲ್ಲರೂ ಊಟದ ತಟ್ಟೆ ಹಿಡಿದುಕೊಂಡು ಡೆಕ್ ಹತ್ತಿ ಇಳಿಯುತ್ತಿದ್ದರು. ಗೇಟ್ ಪ್ರತಿ ಸಲ ತಾನೇ ಮುಚ್ಚಿಕೊಳ್ಳುತ್ತಿತ್ತು. ಕೈಯಲ್ಲಿ ತಟ್ಟೆ ಇದ್ದಾಗ ತೊಂದರೆ ಅಂತ ಯಾರೋ ಒಂದು ಹೂವಿನ ಕುಂಡ ಅಡ್ಡ ಇಟ್ಟರು. ಯಾರು ಇಟ್ಟರು ಅಂತ ಇವತ್ತಿಗೂ ಕೇಳಿಲ್ಲ, ನಾನೇ ಇಟ್ಟಿರಲೂಬಹುದು. ಕೇಕ್ ಕತ್ತರಿಸಲು ಎಲ್ಲರೂ ಒಳಗೆ ಹೋದೆವು. ಕುಂಡ ಅಲ್ಲೇ ಉಳಿಯಿತು.

ಹಾಡು ಮುಗಿಯುವ ಮೊದಲೇ ಅತ್ತೆ "ಸಣ್ಣವಳು ಎಲ್ಲಿ?" ಅಂದರು. ಮಗಳಿಗೆ ಆಗ ಎರಡೂವರೆ ವರ್ಷ. ಹೊರಗೆ ಓಡಿದೆವು. ಡೆಕ್ ಮೇಲೆ, ಪೂಲ್ ಅಂಚಿನಲ್ಲಿ, ಹೊಟ್ಟೆ ಅಡಿಯಾಗಿ ಮಲಗಿ, ಹಳದಿ ಬಕೆಟ್ ಹಿಡಿದು ನೀರು ತುಂಬುತ್ತಿದ್ದಳು. ಬಕೆಟ್ ತುಂಬಿ ಭಾರವಾಗಿ ಅವಳ ಕೈಯನ್ನು ಕೆಳಗೆ ಎಳೆಯುತ್ತಿತ್ತು. ಭುಜ ಆಗಲೇ ಅಂಚು ದಾಟಿತ್ತು. ಯಜಮಾನರು ಕಾಲು ಹಿಡಿದು ಎಳೆದುಕೊಂಡರು. ಅವಳಿಗೆ ಏನೂ ಆಗಲಿಲ್ಲ. ಬಕೆಟ್ ಮುಳುಗಿತು. ಅದು ತಳದಲ್ಲಿ ಹಳದಿಯಾಗಿ ಕಾಣುತ್ತಿದ್ದದ್ದು ನನಗೆ ಇನ್ನೂ ಕಣ್ಣಲ್ಲೇ ಇದೆ.

ಆಮೇಲೆ ನಾನು ಓದಿ ತಿಳಿದುಕೊಂಡೆ. ಅಮೆರಿಕದಲ್ಲಿ 1ರಿಂದ 4 ವರ್ಷದ ಮಕ್ಕಳ ಸಾವಿಗೆ ಮೊದಲ ಕಾರಣ ನೀರಲ್ಲಿ ಮುಳುಗುವುದು, ಇಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿ.ಡಿ.ಸಿ. ಹೇಳುವುದು ಇದನ್ನೇ. ಮಗು ಮುಳುಗುವಾಗ ಸದ್ದೂ ಆಗುವುದಿಲ್ಲ.

ನಿಮ್ಮ ಗೇಟ್ ಹೀಗಿರಲಿ. ಮೆಟ್ಟಿಲಿನ ಕೆಳಗಡೆಯೇ ಗೇಟ್, ಎತ್ತರ ಕನಿಷ್ಠ 48 ಇಂಚು. ಹೊರಗೆ, ಪೂಲ್‌ಗೆ ವಿರುದ್ಧ ದಿಕ್ಕಿಗೆ ತೆರೆಯಬೇಕು. ಮಗು ದೂಡಿದರೆ ಇನ್ನೂ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಸ್ಪ್ರಿಂಗ್ ಹಿಂಜ್ ಎರಡು, ತಾನೇ ಮುಚ್ಚಿ ತಾನೇ ಚಿಲಕ ಬೀಳಬೇಕು. ಚಿಲಕ ನೆಲದಿಂದ 54 ಇಂಚು ಮೇಲೆ. ರೇಲಿಂಗ್ ಸಂದಿನಲ್ಲಿ 4 ಇಂಚಿನ ಚೆಂಡು ತೂರಬಾರದು. ಬೆಂಚ್, ಕುಂಡ, ಪಂಪ್ ಇವು ಬೇಲಿಯಿಂದ ಮೂರು ಅಡಿ ಆಚೆ ಇರಲಿ, ಅವೇ ಮಕ್ಕಳಿಗೆ ಮೆಟ್ಟಿಲಾಗುತ್ತವೆ.

ಡಲ್ಲಾಸ್ ಬಿಸಿಲು

ಅಕ್ಕಾ, ಓದಿ ಕೈ ನಡುಗಿತು. ಒಂದು ಮಾತು ಕೇಳಲಾ? ಬಾಗಿಲಿಗೆ ಅಲಾರಂ ಇದ್ದರೆ ಗೇಟ್ ಅಷ್ಟು ಬಿಗಿ ಬೇಕಾ? ನಮ್ಮಲ್ಲಿ ಹಿಂಬಾಗಿಲಿಗೆ ಅಲಾರಂ ಇದೆ, ಗೇಟ್ ಸಾದಾ.

ಎಡಿಸನ್ ಅಮ್ಮ

ಅಲಾರಂ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಹುಟ್ಟುಹಬ್ಬದ ದಿನ ಹಿಂಬಾಗಿಲು ತೆರೆದೇ ಇರುತ್ತದೆ, ಅಲಾರಂ ಯಾರೋ ಆಫ್ ಮಾಡಿರುತ್ತಾರೆ. ಪಕ್ಕದ ಮನೆಯ ಮಗು ನಿಮ್ಮ ಹಿಂಬಾಗಿಲಿಂದ ಬರುವುದೂ ಇಲ್ಲ. ಸಾದಾ ಗೇಟ್ ತೆಗೆದು ಸ್ಪ್ರಿಂಗ್ ಹಿಂಜ್ ಹಾಕಿ. ಈ ವಾರವೇ ಹಾಕಿ.

ಡಲ್ಲಾಸ್ ಬಿಸಿಲು

ಶನಿವಾರ ಹಾಕುತ್ತೇನೆ. ಹಾಕಿ ಇಲ್ಲೇ ಬರೆಯುತ್ತೇನೆ.

ಕ್ಯಾಂಟನ್ ಮನೆ

ಎಡಿಸನ್ ಅಕ್ಕ, ನಿಮ್ಮ ಪೋಸ್ಟನ್ನು ಹೆಂಡತಿಗೆ ಓದಿ ಹೇಳಿದೆ. ಇಬ್ಬರೂ ಟೇಪ್ ಹಿಡಿದು ಪೂಲ್ ಸುತ್ತ ಹೋದೆವು. ಗೋಡೆ 52 ಇಂಚು ಅಂತ ಅಂದುಕೊಂಡಿದ್ದೆ. ಹಿಂದುಗಡೆ ಹೋದ ವರ್ಷ ಸೇವಂತಿಗೆ ಪಾತಿ ಮಾಡಿ ಆರು ಇಂಚು ಮಣ್ಣು ಏರಿಸಿದ್ದೆವು. ಅಲ್ಲಿ ಅಳತೆ 46, ನೀವು ಹೇಳಿದ 48ಕ್ಕೂ ಕಡಿಮೆ! ಪಾತಿಯನ್ನು ನಿನ್ನೆಯೇ ಹಿತ್ತಲಿನ ಬೇಲಿ ಪಕ್ಕಕ್ಕೆ ಸಾಗಿಸಿದೆವು. ಫಿಲ್ಟರ್ ಗೋಡೆಗೆ ಅಂಟಿಕೊಂಡೇ ಇತ್ತು, ಅದನ್ನೂ ದೂರ ಮಾಡಬೇಕು, ಪೈಪ್ ಉದ್ದದ್ದು ತಂದಿದ್ದೇನೆ.

ಮೆಟ್ಟಿಲಿನ ಬಗ್ಗೆ ಬಡಗಿಯವರನ್ನು ಕೇಳಬೇಕು. ಡೆಕ್ ಎತ್ತರ 50 ಇಂಚು. ಮೆಟ್ಟಿಲು ಎಷ್ಟು?

ಟೊಲೀಡೊ ಬಡಗಿ

ಕಟ್ಟಡದ ಕೋಡ್ ಪ್ರಕಾರ ಒಂದು ಮೆಟ್ಟಿಲು ಏರು 7¾ ಇಂಚು ದಾಟಬಾರದು. ಏಳು ಏರು ಮಾಡಿದರೆ ತಲಾ 7 ಇಂಚು ಚಿಲ್ಲರೆ, ಪಾಸ್ ಆಗುತ್ತದೆ. ಆದರೆ ನೀವು ಇದನ್ನು ಕಟ್ಟುತ್ತಿರುವುದು ಅಮ್ಮನಿಗೆ ಅಲ್ವಾ? ಎಂಟು ಮಾಡಿ. ತಲಾ 6¼ ಇಂಚು. ಪಾದ ಇಡುವ ಜಾಗ 10 ಇಂಚು ಸಾಕು ಅನ್ನುತ್ತದೆ ಕೋಡ್, ನೀವು 11 ಕೊಡಿ. ಏಳು ಹಲಗೆ, ಒಟ್ಟು 77 ಇಂಚು ಮುಂದೆ ಬರುತ್ತದೆ, ಜಾಗ ಇದೆ ನಿಮ್ಮಲ್ಲಿ. ಎಂಟೂ ಏರು ಒಂದೇ ಸಮ ಇರಬೇಕು. ಒಂದು ಕಾಲಿಂಚು ಹೆಚ್ಚು ಕಡಿಮೆಯಾದರೂ ವಯಸ್ಸಾದವರ ಕಾಲು ಅಲ್ಲೇ ಎಡವುತ್ತದೆ. ಕೈ ಹಿಡಿಕೆ ಎರಡೂ ಕಡೆ, ಮುಷ್ಟಿಯಲ್ಲಿ ಹಿಡಿಯುವಷ್ಟು ದಪ್ಪ. ಅಗಲವಾದ ಹಲಗೆ ಮಲಗಿಸಿ ಹಿಡಿಕೆ ಅನ್ನಬೇಡಿ, ಮಂಡಿನೋವಿನವರಿಗೆ ಅದನ್ನು ಹಿಡಿದು ಮೈ ಎತ್ತಲು ಆಗುವುದಿಲ್ಲ. ನನ್ನ ಅಪ್ಪನಿಗೆ ಅಂತ ಮಾಡಿದಾಗ ಕಲಿತದ್ದು ಇದು.

ಮಿನ್ನೆಸೋಟ ಚಳಿ

ಮರೆಯುವ ಮೊದಲು ಎರಡು ಮಾತು. ಲೈನರ್ ಇವತ್ತಲ್ಲ ನಾಳೆ ಬದಲಿಸಬೇಕು. ಆಗ ಟಾಪ್ ರೇಲ್ ಬಿಚ್ಚಬೇಕು. ಅದಕ್ಕೆ ಡೆಕ್ ಮೇಲ್ಮೈ ಟಾಪ್ ರೇಲ್‌ಗಿಂತ ಒಂದೆರಡು ಇಂಚು ಕೆಳಗಿರಲಿ, ಪೂಲ್ ಅಂಚಿನ ಎರಡು ಹಲಗೆಗಳನ್ನು ಮೇಲಿನಿಂದ ಸ್ಕ್ರೂ ಹಾಕಿ, ಬಿಚ್ಚಲು ಬರುವ ಹಾಗೆ. ಚಳಿಗಾಲದ ಕವರ್‌ನ ಕೇಬಲ್ ಸುತ್ತಲೂ ಹೋಗಬೇಕು, ಡೆಕ್ ಇರುವ ಕಡೆಯೂ. ಆ ಎರಡು ಹಲಗೆ ತೆಗೆದರೆ ಕೈ ಹೋಗುತ್ತದೆ. ಸ್ಕಿಮ್ಮರ್ (ನೀರಿನ ಮೇಲೆ ತೇಲುವ ಕಸ ಎಳೆದುಕೊಳ್ಳುವ ಬಾಯಿ) ಡೆಕ್ ಕೆಳಗೆ ಬರುವುದಾದರೆ ಅಲ್ಲೊಂದು ಮುಚ್ಚಳ ಮಾಡಿ.

ಕ್ಯಾಂಟನ್ ಮನೆ

ಎರಡು ವಾರ ಬರೆಯಲಾಗಲಿಲ್ಲ. ಪರ್ಮಿಟ್ ಬಂತು. ಟೌನ್‌ಶಿಪ್‌ನವರು ನಕ್ಷೆಯಲ್ಲಿ ಒಂದೇ ಒಂದು ತಿದ್ದುಪಡಿ ಕೇಳಿದರು: ತೊಲೆ ಕಂಬದ ಪಕ್ಕಕ್ಕೆ ಬೋಲ್ಟ್ ಹಾಕುವುದಲ್ಲ, ಕಂಬದ ತಲೆಯ ಮೇಲೆ ಕೂರಬೇಕು.

ಗುಂಡಿ ನಾಲ್ಕೂ ತೋಡಿ ಆಯಿತು. ಪೂಲ್ ಕಡೆಯ ಎರಡನ್ನು ಪೂರ್ತಿ ಕೈಯಲ್ಲೇ ತೋಡಿದೆ. ಎಡಗಡೆಯದರಲ್ಲಿ ಐದು ಇಂಚು ಕೆರೆದ ಮೇಲೆ ತಾಮ್ರದ ತಂತಿ ಸಿಕ್ಕಿತು, ಹಸಿರು ಹಿಡಿದಿತ್ತು, ಆದರೆ ಇಡಿಯಾಗಿತ್ತು. ತಂತಿ ಕೆಲಸದವರೇ, ನೀವು ಹೇಳದಿದ್ದರೆ ನಾನು ಅಲ್ಲಿ ಬಾಡಿಗೆ ಮಶಿನ್ ಇಳಿಸುತ್ತಿದ್ದೆ. ಎರಡು ಅಡಿಯ ಕೆಳಗೆ ಬರೀ ನೀಲಿ ಜೇಡಿ, ಹಾರೆಗೆ ಅಂಟಿಕೊಂಡು ಬಿಡುವುದೇ ಇಲ್ಲ.

ಇವತ್ತು ಬೆಳಿಗ್ಗೆ ಇನ್‌ಸ್ಪೆಕ್ಟರ್ ಬಂದಿದ್ದರು. ಪ್ರತಿ ಗುಂಡಿಗೂ ಟೇಪ್ ಇಳಿಸಿ ನೋಡಿದರು. 43, 44, 43, 42. ಬುಡದ ಅಗಲ ನೋಡಿದರು. ಪಾಸ್.

ಗೇಟ್ ಕಂಬಕ್ಕೆ ಗುರುತು ಹಾಕುವಾಗ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿದೆ. ನಾಲ್ಕು ವರ್ಷ. ತುದಿಗಾಲಲ್ಲಿ ನಿಂತು ಕೈ ಎತ್ತಿದಾಗ ಬೆರಳು 49 ಇಂಚಿಗೆ ಮುಟ್ಟಿತು. ಚಿಲಕದ ಗುರುತು 54ಕ್ಕೆ ಹಾಕಿದೆ.

ಅಮ್ಮನಿಗೆ ಜೂನ್ 9ಕ್ಕೆ ಟಿಕೆಟ್. ಶನಿವಾರ ಕಾಂಕ್ರೀಟ್ ಹಾಕಬೇಕು, 24 ಮೂಟೆ ಗ್ಯಾರೇಜ್‌ನಲ್ಲಿದೆ. ಹತ್ತಿರದವರು ಯಾರಾದರೂ ಒಬ್ಬರು ಬಂದರೆ ಉಪಕಾರ. ಮಧ್ಯಾಹ್ನ ಬಿಸಿಬೇಳೆಬಾತ್ ಇದೆ.

ಟೊಲೀಡೊ ಬಡಗಿ

ನಮ್ಮಲ್ಲಿಂದ ಒಂದು ಗಂಟೆ ದಾರಿ. ಏಳು ಗಂಟೆಗೆ ಬರುತ್ತೇನೆ, ಮಿಕ್ಸರ್ ನನ್ನದು ತರುತ್ತೇನೆ. ರಾತ್ರಿ ಗುಂಡಿಗಳ ಮೇಲೆ ಪ್ಲೈವುಡ್ ಮುಚ್ಚಿ ಮೇಲೆ ಮೂಟೆ ಇಡಿ. ಮಗು ಓಡಾಡುವ ಹಿತ್ತಲು.